ನಿಂತಾಗ ನೇರ, ಓಡುವಾಗ ಓರೆ: ಡ್ರ್ಯಾಗ್ ಕಾರಿನ ಮುಂದಿನ ಗಾಲಿಗಳ ಲೆಕ್ಕ

ಹರ್ತಿ (ಗದಗ): ಗದಗ ತಾಲ್ಲೂಕಿನ ಹರ್ತಿ ಎಂದೊಡನೆ ಈ ಭಾಗದವರಿಗೆ ನೆನಪಾಗುವುದು ಬಸವೇಶ್ವರ ದೇವಾಲಯ, ಅಲ್ಲಿನ ಉತ್ಸವ ಹಾಗೂ ಚಾಲುಕ್ಯರ ಕಾಲದ ಕಲ್ಲಿನ ಕೆತ್ತನೆಗಳು. ಹರ್ತಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರೆಗೆ ಹರಡಿರುವ ಈ ಸೀಮೆಯ ರೈತರಿಗೆ ಜಾತ್ರೆಗಳಲ್ಲಿ ನಡೆಯುವ ಖಾಲಿ ಗಾಡಾ ಓಡಿಸುವ ಸ್ಪರ್ಧೆಯೂ ಅಷ್ಟೇ ಪರಿಚಿತ. ನಿಗದಿತ ಅವಧಿಯಲ್ಲಿ ಜೋಡೆತ್ತುಗಳು ಖಾಲಿ ಚಕ್ಕಡಿಯನ್ನು ಎಷ್ಟು ದೂರ ಎಳೆದೊಯ್ಯುತ್ತವೆ ಎಂಬುದೇ ಇಲ್ಲಿನ ಪಂದ್ಯ. ತಿರುವುಗಳಿಲ್ಲ, ಸುತ್ತುಗಳಿಲ್ಲ, ಇರುವುದು ನೇರ ಓಟ ಮಾತ್ರ. ಎರಡೂ ಬದಿಗೆ ಜನ ಕಿಕ್ಕಿರಿದು ನಿಂತಿರುತ್ತಾರೆ. ಹೀಗಾಗಿ ಗಾಡಿ ವೇಗವಾಗಿ ಓಡಿದರಷ್ಟೇ ಸಾಲದು, ನೇರವಾಗಿಯೂ ಓಡಬೇಕು. ಅಚ್ಚು ಓರೆಯಾಗಿದ್ದರೆ, ಗಾಲಿ ಅಲುಗಾಡುತ್ತಿದ್ದರೆ ಎತ್ತಿನ ಬಲ ವ್ಯರ್ಥವಾಗುವುದಲ್ಲದೆ ಬದಿಯಲ್ಲಿ ನಿಂತವರಿಗೂ ಅಪಾಯ ತಪ್ಪಿದ್ದಲ್ಲ.

ಎತ್ತಿನ ಜಾಗದಲ್ಲಿ ಎಂಜಿನ್ ಇಟ್ಟರೆ ಇದೇ ಪಂದ್ಯಕ್ಕೆ ಡ್ರ್ಯಾಗ್ ರೇಸ್ ಎಂದು ಹೆಸರು. ಎರಡು ಕಾರುಗಳು ಅಕ್ಕಪಕ್ಕದಲ್ಲಿ ನಿಂತ ಸ್ಥಿತಿಯಿಂದ ಹೊರಟು, ನೇರವಾದ ಪಥದಲ್ಲಿ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ದೂರವನ್ನು ಕ್ರಮಿಸಬೇಕು. ಮೊದಲು ಗೆರೆ ದಾಟಿದವರು ವಿಜಯಿ. ಇಂಥ ಓಟವೆಂದರೆ ಎಲ್ಲರ ಮಾತೂ ಎಂಜಿನ್ನಿನ ಶಕ್ತಿಯ ಬಗೆಗೇ ಇರುತ್ತದೆ. ಆದರೆ ಆ ಶಕ್ತಿಯನ್ನು ನೇರ ದಾರಿಯಲ್ಲಿ ಇರಿಸುವ ಹೊಣೆ ಮುಂದಿನ ಎರಡು ಗಾಲಿಗಳದ್ದು. ಅವುಗಳ ಜೋಡಣೆಯಲ್ಲಿ, ಅಂದರೆ ವೀಲ್ ಅಲೈನ್‌ಮೆಂಟ್‌ನಲ್ಲಿ, ಕೆಲವೇ ಮಿಲಿಮೀಟರ್‌ಗಳ ದೋಷವಿದ್ದರೂ ಪರಿಣಾಮ ಏನಾದೀತು ಎಂಬುದನ್ನು ಸರಳ ಲೆಕ್ಕದಿಂದಲೇ ತಿಳಿಯಬಹುದು.

ಕಾಲು ಮೈಲಿಯ ಲೆಕ್ಕ

ಕಾರಿನ ಮುಂದಿನ ಎರಡು ಟೈರುಗಳನ್ನು ಮೇಲಿನಿಂದ ನೋಡುತ್ತಿದ್ದೇವೆ ಎಂದು ಭಾವಿಸಿ. ಟೈರುಗಳ ಮುಂಭಾಗದ ನಡುವಿನ ಅಂತರವು ಹಿಂಭಾಗದ ನಡುವಿನ ಅಂತರಕ್ಕಿಂತ ಕಡಿಮೆಯಿದ್ದರೆ ಅದನ್ನು ‘ಟೋ ಇನ್’ ಎನ್ನುತ್ತಾರೆ. ಗಾಲಿಗಳೆರಡೂ ಒಳಮುಖವಾಗಿ ಒಂದನ್ನೊಂದು ನೋಡುತ್ತಿರುತ್ತವೆ. ಇದಕ್ಕೆ ವಿರುದ್ಧವಾಗಿ ಹೊರಮುಖವಾಗಿದ್ದರೆ ಅದು ‘ಟೋ ಔಟ್’.

ಟೈರಿನ ವ್ಯಾಸ 600 ಮಿ.ಮೀ. ಹಾಗೂ ಒಟ್ಟು ಟೋ ಇನ್ 3 ಮಿ.ಮೀ. ಎಂದಿಟ್ಟುಕೊಳ್ಳೋಣ. ಪ್ರತಿ ಗಾಲಿಯ ಪಾಲಿಗೆ ಒಂದೂವರೆ ಮಿ.ಮೀ. ಬರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಓರೆ ಇದು. ಆದರೆ ಅದೇ ಓರೆಯಲ್ಲಿ ಒಂದು ಗಾಲಿಯನ್ನು ಒಂಟಿಯಾಗಿ ಉರುಳಲು ಬಿಟ್ಟರೆ 402 ಮೀಟರ್ ಮುಗಿಯುವ ಹೊತ್ತಿಗೆ ಅದು ಒಂದು ಮೀಟರಿನಷ್ಟು ಪಕ್ಕಕ್ಕೆ ಸರಿದಿರುತ್ತದೆ. ಕಾರಿನಲ್ಲಿ ಎಡಗಾಲಿ ಬಲಕ್ಕೂ ಬಲಗಾಲಿ ಎಡಕ್ಕೂ ಸಮನಾಗಿ ಒತ್ತುವುದರಿಂದ ಕಾರು ನೇರವಾಗಿಯೇ ಸಾಗುತ್ತದೆ. ಆದರೆ ಈ ಒತ್ತಾಟದಲ್ಲಿ ರಬ್ಬರ್ ಉಜ್ಜಿಹೋಗಿ ಸ್ವಲ್ಪ ವೇಗ ನಷ್ಟವಾಗುತ್ತದೆ. ಎರಡು ಗಾಲಿಗಳ ಹಿಡಿತದಲ್ಲಿ ವ್ಯತ್ಯಾಸವಾದ ಕ್ಷಣದಲ್ಲಿ, ಉದಾಹರಣೆಗೆ ಒಂದು ಬದಿಯಲ್ಲಿ ಮರಳೋ ಎಣ್ಣೆಯೋ ಬಿದ್ದಿದ್ದರೆ, ಹಿಡಿತ ಹೆಚ್ಚಿರುವ ಗಾಲಿಯ ಮಾತೇ ನಡೆಯುತ್ತದೆ.

ಹಾಗಾದರೆ ಟೋ ಅನ್ನು ಸೊನ್ನೆಗೆ ಇಟ್ಟುಬಿಡಬಹುದಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಅಲ್ಲಿಯೇ ಈ ವಿದ್ಯೆಯ ಗುಟ್ಟಿರುವುದು. ಗ್ಯಾರೇಜಿನಲ್ಲಿ ನಿಂತ ಕಾರು ಬೇರೆ, ಪಥದಲ್ಲಿ ಓಡುವ ಕಾರು ಬೇರೆ. ಹಿಂದಿನ ಗಾಲಿಗಳಿಂದ ಚಲಿಸುವ ಕಾರು ಓಡುವಾಗ ರಸ್ತೆಯ ಘರ್ಷಣೆ ಮುಂದಿನ ಗಾಲಿಗಳನ್ನು ಹಿಂದಕ್ಕೆ ದೂಡುತ್ತದೆ. ಟೈ ರಾಡ್, ಬಾಲ್ ಜಾಯಿಂಟ್ ಹಾಗೂ ರಬ್ಬರ್ ಬುಷ್‌ಗಳಲ್ಲಿರುವ ಅತ್ಯಲ್ಪ ಸಡಿಲವೆಲ್ಲ ಒಂದೇ ದಿಕ್ಕಿಗೆ ಸರಿದು, ಗಾಲಿಗಳು ತುಸು ಹೊರಮುಖವಾಗುತ್ತವೆ. ನಿಂತಾಗ ಸೊನ್ನೆ ಇದ್ದದ್ದು ಓಡುವಾಗ ಟೋ ಔಟ್ ಆಗುತ್ತದೆ. ಟೋ ಔಟ್ ಇರುವ ಕಾರು ನೇರ ದಾರಿಯಲ್ಲಿ ನೆಲೆ ನಿಲ್ಲದು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾಯುತ್ತಿರುತ್ತದೆ. ಈ ಕಾರಣದಿಂದಲೇ ಇಂಥ ಡ್ರ್ಯಾಗ್ ಕಾರುಗಳಿಗೆ ಸಾಮಾನ್ಯವಾಗಿ ಒಂದೂವರೆಯಿಂದ ಮೂರು ಮಿ.ಮೀ.ನಷ್ಟು ಒಟ್ಟು ಟೋ ಇನ್ ಕೊಡಲಾಗುತ್ತದೆ. ನಿಂತಾಗ ಒಳಮುಖವಾಗಿರುವ ಗಾಲಿಗಳು ಓಟದಲ್ಲಿ ನೇರವಾಗಲಿ ಎಂಬುದು ಇದರ ಉದ್ದೇಶ.

ಇನ್ನೆರಡು ಕೋನಗಳು

ಟೋ ಅಲ್ಲದೆ ಇನ್ನೂ ಎರಡು ಕೋನಗಳನ್ನು ಗಮನಿಸಬೇಕಾಗುತ್ತದೆ. ಕಾರನ್ನು ಎದುರಿನಿಂದ ನೋಡಿದಾಗ ಗಾಲಿಯ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವುದನ್ನು ‘ಕ್ಯಾಂಬರ್’ ಎನ್ನುತ್ತಾರೆ. ತಿರುವುಗಳಿರುವ ಪಥದಲ್ಲಿ ಓಡುವ ಕಾರುಗಳಿಗೆ ಗಾಲಿಯ ಮೇಲ್ತುದಿ ಒಳಕ್ಕೆ ವಾಲಿರುವಂತೆ ಹೊಂದಿಸುವುದುಂಟು. ಡ್ರ್ಯಾಗ್ ಓಟದಲ್ಲಿ ತಿರುವೇ ಇಲ್ಲವಾದ್ದರಿಂದ ಗಾಲಿ ನೆಟ್ಟಗೆ ನಿಂತಿರುವುದೇ ಲೇಸು. ಟೈರಿನ ಪೂರ್ತಿ ಅಗಲ ನೆಲಕ್ಕೆ ತಾಗಿದ್ದರೆ ಬ್ರೇಕ್ ಹಾಕಿದಾಗ ಹಿಡಿತ ಸಿಗುತ್ತದೆ.

ಮೂರನೆಯದು ‘ಕ್ಯಾಸ್ಟರ್’. ಇದನ್ನು ಅರ್ಥ ಮಾಡಿಕೊಳ್ಳಲು ಸೈಕಲ್ಲನ್ನು ನೆನೆಸಿಕೊಂಡರೆ ಸಾಕು. ಸೈಕಲ್ಲಿನ ಮುಂದಿನ ಫೋರ್ಕ್ ನೆಟ್ಟಗಿರದೆ, ಮೇಲ್ತುದಿ ಸವಾರನ ಕಡೆಗೆ ವಾಲಿರುತ್ತದೆ. ಕೈಬಿಟ್ಟು ಸೈಕಲ್ ಹೊಡೆಯುವ ಹುಡುಗರು ಬೀಳದೇ ಸಾಗುವುದಕ್ಕೆ ಈ ಓರೆಯೂ ಒಂದು ಕಾರಣ. ಕಾರಿನಲ್ಲಿಯೂ ಗಾಲಿ ತಿರುಗುವ ಅಕ್ಷದ ಮೇಲ್ತುದಿ ಹಿಂದಕ್ಕೆ ವಾಲಿದ್ದರೆ, ಸ್ಟೀರಿಂಗ್ ಬಿಟ್ಟಾಗ ಗಾಲಿಗಳು ತಾವಾಗಿಯೇ ನೇರಕ್ಕೆ ಮರಳುತ್ತವೆ. ಡ್ರ್ಯಾಗ್ ಕಾರುಗಳಿಗೆ ಈ ಗುಣ ಅತ್ಯಗತ್ಯವಾದ್ದರಿಂದ ರಸ್ತೆಯ ಕಾರುಗಳಿಗಿಂತ ಹೆಚ್ಚಿನ ಕ್ಯಾಸ್ಟರ್ ಕೊಡುವುದು ರೂಢಿ. ಆದರೆ ಕೀಲುಗಳು ಸವೆದಿರುವ ಕಾರಿಗೆ ಕ್ಯಾಸ್ಟರ್ ಹೆಚ್ಚಿಸಿದರೆ ವೇಗದಲ್ಲಿ ಗಾಲಿಗಳು ಗಡಗಡ ನಡುಗಲಾರಂಭಿಸುವ ಸಂಭವವಿದೆ. ಎಡ ಮತ್ತು ಬಲ ಗಾಲಿಗಳ ಕ್ಯಾಸ್ಟರ್ ಸಮನಾಗಿರಬೇಕು; ಇಲ್ಲದಿದ್ದರೆ ಕಾರು ಕ್ಯಾಸ್ಟರ್ ಕಡಿಮೆಯಿರುವ ಬದಿಗೆ ಎಳೆಯುತ್ತದೆ.

ಮೂತಿ ಎದ್ದಾಗ ಆಗುವುದೇನು?

ಹಸಿರು ದೀಪ ಹೊತ್ತಿದಾಕ್ಷಣ ಚಾಲಕ ಆಕ್ಸಲರೇಟರ್ ಒತ್ತುತ್ತಾನೆ. ಕಾರಿನ ಭಾರ ಹಿಂದಕ್ಕೆ ಸರಿದು ಹಿಂಭಾಗ ಕುಸಿಯುತ್ತದೆ, ಮುಂಭಾಗ ಮೇಲೇಳುತ್ತದೆ. ಹಿಂದಿನ ಗಾಲಿಗಳಿಗೆ ಹಿಡಿತ ಸಿಗುವುದರಿಂದ ಓಟಗಾರರಿಗೆ ಇದು ಬೇಕಾದದ್ದೇ. ಆದರೆ ಮುಂಭಾಗ ಎದ್ದಾಗ ಗಾಲಿಗಳ ದಿಕ್ಕು ಬದಲಾಗುವ ಸಾಧ್ಯತೆ ಇದೆ.

ಗಾಲಿಯನ್ನು ಹಿಡಿದಿರುವ ಕಂಟ್ರೋಲ್ ಆರ್ಮ್ ಒಂದು ಕಮಾನಿನಲ್ಲಿ ಮೇಲೆ ಕೆಳಗೆ ಆಡುತ್ತದೆ. ಸ್ಟೀರಿಂಗ್‌ನಿಂದ ಗಾಲಿಗೆ ಹೋಗುವ ಟೈ ರಾಡ್ ಇನ್ನೊಂದು ಕಮಾನಿನಲ್ಲಿ ಆಡುತ್ತದೆ. ಎರಡೂ ಕಮಾನುಗಳು ಹೊಂದಿಕೊಂಡರೆ ತೊಂದರೆಯಿಲ್ಲ. ಹೊಂದದಿದ್ದರೆ, ಚಾಲಕ ಸ್ಟೀರಿಂಗ್ ಅಲುಗಿಸದೇ ಇದ್ದರೂ ಟೈ ರಾಡ್ ಗಾಲಿಯನ್ನು ಎಳೆಯುತ್ತದೆ ಅಥವಾ ನೂಕುತ್ತದೆ. ಇದನ್ನು ‘ಬಂಪ್ ಸ್ಟಿಯರ್’ ಎನ್ನುತ್ತಾರೆ.

ಒಂದು ಉದಾಹರಣೆ ನೋಡೋಣ. ನಿಂತಾಗ 2 ಮಿ.ಮೀ. ಟೋ ಇನ್ ಇರುವ ಕಾರಿನ ಮುಂಭಾಗ 50 ಮಿ.ಮೀ. ಎದ್ದಾಗ ಟೋ 5 ಮಿ.ಮೀ.ನಷ್ಟು ಹೊರಕ್ಕೆ ಬದಲಾಗುತ್ತದೆ ಎಂದುಕೊಳ್ಳಿ. ಆಗ ಕಾರು ಓಡುವುದು 3 ಮಿ.ಮೀ. ಟೋ ಔಟ್‌ನಲ್ಲಿ. ಅಲೈನ್‌ಮೆಂಟ್ ಯಂತ್ರದ ಕಾಗದದಲ್ಲಿ ಎಲ್ಲವೂ ಸರಿಯೆಂದೇ ಇರುತ್ತದೆ. ಕಾರು ಮಾತ್ರ ಹಾವಿನಂತೆ ಹರಿದಾಡುತ್ತದೆ. ಗೇರ್ ಬದಲಿಸುವಾಗ ಮುಂಭಾಗ ತುಸು ಇಳಿದು ಮತ್ತೆ ಏಳುತ್ತದೆ. ಆಗಲೂ ಗಾಲಿಗಳ ದಿಕ್ಕು ಬದಲಾಗುತ್ತಲೇ ಇರುತ್ತದೆ. ಮುಂದಿನ ಗಾಲಿಗಳು ಪೂರ್ತಿ ನೆಲ ಬಿಡುವಷ್ಟು ಶಕ್ತಿಯುತ ಕಾರುಗಳಲ್ಲಿ ಅಪಾಯ ಇನ್ನೂ ಹೆಚ್ಚು. ಗಾಳಿಯಲ್ಲಿರುವಾಗ ಸ್ಟೀರಿಂಗ್ ಕೆಲಸ ಮಾಡದು. ಗಾಲಿಗಳು ಓರೆಯಾಗಿ ನೆಲಕ್ಕೆ ಮರಳಿದರೆ ಕಾರು ಒಮ್ಮೆಲೇ ಪಕ್ಕಕ್ಕೆ ನೆಗೆಯುತ್ತದೆ.

ಮೊದಲು ಹಿಂದಿನ ಅಚ್ಚು ನೋಡಿ

ಮುಂದಿನ ಗಾಲಿ ಮುಟ್ಟುವ ಮೊದಲು ಹಿಂದಿನ ಅಚ್ಚನ್ನು ಪರೀಕ್ಷಿಸಬೇಕೆಂಬುದು ಈ ಕೆಲಸದ ಮೊದಲ ನಿಯಮ. ಹಿಂದಿನ ಗಾಲಿಗಳ ನಡುವಿನ ಅಂತರ 1,400 ಮಿ.ಮೀ. ಇದ್ದು, ಅಚ್ಚಿನ ಒಂದು ತುದಿ ಇನ್ನೊಂದಕ್ಕಿಂತ 5 ಮಿ.ಮೀ. ಹಿಂದಿದ್ದರೆ, ಆ ಅಚ್ಚು ಕಾರನ್ನು ನೂಕುವುದು ನೇರಕ್ಕಲ್ಲ. ಕಾಲು ಮೈಲಿಯಲ್ಲಿ ಆ ಓರೆ ಸುಮಾರು 1.4 ಮೀಟರ್ ಆಗುತ್ತದೆ. ಚಾಲಕ ಸ್ಟೀರಿಂಗ್ ಅನ್ನು ಸದಾ ಒಂದು ಬದಿಗೆ ಹಿಡಿದೇ ಇರಬೇಕಾಗುತ್ತದೆ. ಕಾರು ಏಡಿಯಂತೆ ಅಡ್ಡಡ್ಡ ನಡೆಯುತ್ತದೆ. ಮುಂದಿನ ಗಾಲಿಗಳನ್ನು ಎಷ್ಟೇ ಚೆನ್ನಾಗಿ ಹೊಂದಿಸಿದರೂ ಈ ದೋಷ ಹೋಗದು. ಚಕ್ಕಡಿಯ ಅಚ್ಚು ಮೂಕಿಗೆ ಲಂಬವಾಗಿರದಿದ್ದರೆ ಎತ್ತುಗಳು ಪಡುವ ಪಾಡೂ ಇದೇ ತೆರನಾದದ್ದು.

ದಾರ, ಟೇಪು, ಸೀಮೆಸುಣ್ಣ

ಈ ಕೆಲಸಕ್ಕೆ ಲಕ್ಷಾಂತರ ರೂಪಾಯಿಯ ಯಂತ್ರವೇ ಬೇಕೆಂದೇನೂ ಇಲ್ಲ. ಸಮತಟ್ಟಾದ ನೆಲ, ದಾರ, ಅಳತೆಯ ಟೇಪು, ಸೀಮೆಸುಣ್ಣ ಮತ್ತು ತಾಳ್ಮೆ ಇದ್ದರೆ ಟೋ ಅನ್ನು ಸಾಕಷ್ಟು ಕರಾರುವಾಕ್ಕಾಗಿ ಅಳೆಯಬಹುದು. ಕ್ರಮ ಹೀಗಿದೆ.

ಮೊದಲಿಗೆ ಸವೆತದ ಪರೀಕ್ಷೆ. ಕಾರನ್ನು ಜಾಕ್ ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಗಾಲಿಯನ್ನು ಎರಡೂ ಕೈಗಳಿಂದ ಹಿಡಿದು ಅಲುಗಿಸಿ ನೋಡಬೇಕು. ಬೇರಿಂಗ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಇವುಗಳಲ್ಲಿ ಸಡಿಲವಿದ್ದರೆ ಅದನ್ನು ಸರಿಪಡಿಸದೆ ಮುಂದುವರಿಯುವುದು ನಿರರ್ಥಕ. ಸಡಿಲವಾದ ಕೀಲಿನ ಮೇಲೆ ಮಾಡಿದ ಅಳತೆ ಮರುಕ್ಷಣಕ್ಕೇ ಸುಳ್ಳಾಗುತ್ತದೆ.

ಎರಡನೆಯದಾಗಿ ಓಟದ ದಿನದ ಸ್ಥಿತಿಯನ್ನು ಗ್ಯಾರೇಜಿನಲ್ಲಿಯೇ ನಿರ್ಮಿಸಬೇಕು. ಓಟದ ಟೈರುಗಳು, ಓಟದ ದಿನ ತುಂಬುವಷ್ಟೇ ಗಾಳಿ, ಅಷ್ಟೇ ಇಂಧನ, ಜೊತೆಗೆ ಚಾಲಕನ ಆಸನದಲ್ಲಿ ಚಾಲಕನೇ ಅಥವಾ ಅವನ ತೂಕದ ಮರಳಿನ ಚೀಲ. ಖಾಲಿ ಕಾರಿನ ಅಳತೆ ಓಟದ ಕಾರಿಗೆ ಹೊಂದದು. ನಂತರ ಕಾರನ್ನು ಕೆಲವು ಬಾರಿ ಒತ್ತಿ ಬಿಟ್ಟು, ಮುಂದಕ್ಕೆ ಉರುಳಿಸಿ ನಿಲ್ಲಿಸಬೇಕು. ಹಿಂದಕ್ಕೆ ತಳ್ಳಿ ನಿಲ್ಲಿಸಿದರೆ ಕೀಲುಗಳ ಸಡಿಲ ವಿರುದ್ಧ ದಿಕ್ಕಿಗೆ ಸರಿದು ಅಳತೆ ಕೆಡುತ್ತದೆ.

ಮೂರನೆಯದಾಗಿ ಸ್ಟೀರಿಂಗ್ ಅನ್ನು ನಡುಮಧ್ಯಕ್ಕೆ ತಂದು ಅಲುಗಾಡದಂತೆ ಕಟ್ಟಬೇಕು. ಮೊದಲು ಕ್ಯಾಸ್ಟರ್, ಬಳಿಕ ಕ್ಯಾಂಬರ್, ಕೊನೆಯಲ್ಲಿ ಟೋ ಎಂಬ ಕ್ರಮವನ್ನು ತಪ್ಪಿಸಬಾರದು. ಮೊದಲಿನ ಎರಡನ್ನು ಬದಲಿಸಿದರೆ ಟೋ ತಾನಾಗಿ ಬದಲಾಗುವುದೇ ಇದಕ್ಕೆ ಕಾರಣ. ಕ್ಯಾಸ್ಟರ್ ಮತ್ತು ಕ್ಯಾಂಬರ್ ಅಳೆಯಲು ಸಣ್ಣದೊಂದು ಗೇಜ್ ಬೇಕಾಗುತ್ತದೆ.

ನಾಲ್ಕನೆಯದು ಟೋ ಅಳತೆ. ಮುಂದಿನ ಗಾಲಿಯನ್ನು ನೆಲದಿಂದ ಎತ್ತಿ ತಿರುಗಿಸುತ್ತ, ಟೈರಿನ ನಡುವೆ ಸೀಮೆಸುಣ್ಣ ಬಳಿದು, ಸ್ಥಿರವಾಗಿ ಹಿಡಿದ ಮೊಳೆಯ ತುದಿಯಿಂದ ಅದರ ಮೇಲೆ ಸುತ್ತಲೂ ಸಣ್ಣ ಗೆರೆ ಎಳೆಯಬೇಕು. ಟೈರಿನ ಅಂಚು ಎಂದೂ ಪೂರ್ತಿ ಸಮನಾಗಿರುವುದಿಲ್ಲವಾದ್ದರಿಂದ ಅಳತೆಗೆ ಈ ಗೆರೆಯೇ ಆಧಾರ. ಕಾರನ್ನು ಇಳಿಸುವಾಗ ಪ್ರತಿ ಗಾಲಿಯ ಕೆಳಗೆ ನಡುವೆ ಗ್ರೀಸ್ ಸವರಿದ ಎರಡು ತಗಡುಗಳನ್ನು ಇಟ್ಟರೆ ಟೈರು ನೆಲಕ್ಕೆ ಕಚ್ಚಿಕೊಳ್ಳದೆ ತನ್ನ ಸಹಜ ಸ್ಥಾನಕ್ಕೆ ಬರುತ್ತದೆ. ನಂತರ ಅಚ್ಚಿನ ಎತ್ತರದಲ್ಲಿ ಎರಡು ಗೆರೆಗಳ ನಡುವಿನ ಅಂತರವನ್ನು ಟೈರಿನ ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆಯಬೇಕು. ಎರಡರ ವ್ಯತ್ಯಾಸವೇ ಟೋ.

ಆದರೆ ಈ ಅಳತೆ ಒಟ್ಟು ಟೋ ಎಷ್ಟೆಂದು ಹೇಳುತ್ತದೆಯೇ ಹೊರತು ಯಾವ ಗಾಲಿಯ ಪಾಲು ಎಷ್ಟೆಂದು ಹೇಳದು. ಅದಕ್ಕೆ ದಾರ ಬೇಕು. ಕಾರಿನ ಎರಡೂ ಬದಿಗೆ, ಕಾರಿನ ಮಧ್ಯರೇಖೆಗೆ ಸಮಾನಾಂತರವಾಗಿ, ಅಚ್ಚಿನ ಎತ್ತರದಲ್ಲಿ ಎರಡು ದಾರಗಳನ್ನು ಬಿಗಿಯಾಗಿ ಕಟ್ಟಿ, ದಾರದಿಂದ ಗಾಲಿಯ ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಇರುವ ದೂರವನ್ನು ಅಳೆಯಬೇಕು. ಹಿಂದಿನ ಅಚ್ಚು ಓರೆಯಾಗಿದ್ದರೆ ಅದೂ ಈ ದಾರದಿಂದಲೇ ಗೊತ್ತಾಗುತ್ತದೆ. ಎರಡೂ ಬದಿಯ ಟೈ ರಾಡ್‌ಗಳನ್ನು ಅಗತ್ಯಕ್ಕೆ ತಕ್ಕಂತೆ ತಿರುಗಿಸಿ ಎಡ ಬಲಗಳನ್ನು ಸಮ ಮಾಡಿ, ಲಾಕ್ ನಟ್ ಬಿಗಿದು, ಬಿಗಿದ ನಂತರ ಮತ್ತೊಮ್ಮೆ ಅಳೆಯಬೇಕು. ನಟ್ ಬಿಗಿಯುವಾಗಲೇ ಅಳತೆ ತಪ್ಪುವುದು ಸರ್ವೇಸಾಮಾನ್ಯ.

ಐದನೆಯದೇ ಹೆಚ್ಚಿನವರು ಕೈಬಿಡುವ ಹಂತ. ಕಾರಿನ ಮುಂಭಾಗವನ್ನು ಜಾಕ್‌ನಿಂದ 25 ಮಿ.ಮೀ. ಎತ್ತಿ ಟೋ ಅಳೆಯಬೇಕು. ಮತ್ತೆ 25 ಮಿ.ಮೀ. ಎತ್ತಿ ಅಳೆಯಬೇಕು. ಓಟದಲ್ಲಿ ಮುಂಭಾಗ ಎಷ್ಟು ಏಳುತ್ತದೆಯೋ ಅಷ್ಟರವರೆಗೂ ಇದು ನಡೆಯಬೇಕು. ಬ್ರೇಕ್ ಹಾಕಿದಾಗ ಮುಂಭಾಗ ಕುಸಿಯುವುದರಿಂದ ಕೆಳಕ್ಕೆ ಒತ್ತಿಯೂ ಒಮ್ಮೆ ಅಳೆಯಬೇಕು. ಟೋ ಬದಲಾಗದಿದ್ದರೆ ಒಳ್ಳೆಯದು. ಬದಲಾದರೆ ಅದಕ್ಕೆ ಮದ್ದು ಟೈ ರಾಡ್‌ನ ಉದ್ದವಲ್ಲ, ಅದರ ಎತ್ತರ. ಟೈ ರಾಡ್‌ನ ಹೊರತುದಿಯನ್ನು ಅಥವಾ ಸ್ಟೀರಿಂಗ್ ರ‍್ಯಾಕನ್ನು ತುಸು ಮೇಲಕ್ಕೋ ಕೆಳಕ್ಕೋ ಸರಿಸಿ ಎರಡು ಕಮಾನುಗಳನ್ನು ಹೊಂದಿಸಬೇಕು. ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸಿದವರಿಗೆ ಈ ಪರೀಕ್ಷೆ ಇನ್ನಷ್ಟು ಅಗತ್ಯ. ಕಂಪನಿ ಹೊಂದಿಸಿದ್ದ ಕಮಾನುಗಳು ಆಗಲೇ ತಪ್ಪಿರುತ್ತವೆ.

ಮುಂದಿನ ಗಾಲಿಯೇ ಎಳೆಯುವ ಕಾರು

ಇಲ್ಲಿಯವರೆಗೆ ಹೇಳಿದ್ದು ಹಿಂದಿನ ಗಾಲಿಗಳಿಂದ ಚಲಿಸುವ ಕಾರುಗಳ ಮಾತು. ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಈ ಬಗೆಯವು. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800ರ ನಂತರ ನಮ್ಮ ದೇಶದ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂದಿನ ಗಾಲಿಗಳಿಂದಲೇ ಚಲಿಸುತ್ತವೆ. ಇವುಗಳಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಎಂಜಿನ್ನಿನ ಬಲ ಮುಂದಿನ ಗಾಲಿಗಳನ್ನು ಮುಂದಕ್ಕೆ ಎಳೆಯುವುದರಿಂದ ಸಡಿಲವೆಲ್ಲ ಎದುರು ದಿಕ್ಕಿಗೆ ಸರಿದು ಗಾಲಿಗಳು ಒಳಮುಖವಾಗಲು ಯತ್ನಿಸುತ್ತವೆ. ಆದ್ದರಿಂದ ಇಂಥ ಕಾರುಗಳಿಗೆ ಸೊನ್ನೆ ಅಥವಾ ಅತ್ಯಲ್ಪ ಟೋ ಔಟ್ ಇಡುವುದು ವಾಡಿಕೆ. ಅಮೆರಿಕದ ಪುಸ್ತಕದಲ್ಲಿರುವ ಅಂಕಿಯನ್ನು ನೋಡಿ ಕಣ್ಣುಮುಚ್ಚಿ ಟೋ ಇನ್ ಕೊಟ್ಟರೆ ಫಲ ವಿಪರೀತವಾದೀತು.

ಗೆರೆ ದಾಟಿದ ಮೇಲೆ

ಅಮೆರಿಕದಲ್ಲಿ ಈ ಕ್ರೀಡೆಗೆ ಶಿಸ್ತು ತಂದದ್ದು 1951ರಲ್ಲಿ ವಾಲಿ ಪಾರ್ಕ್ಸ್ ಸ್ಥಾಪಿಸಿದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್. ಬೀದಿಗಳಲ್ಲಿ ನಡೆಯುತ್ತಿದ್ದ ಪಂದ್ಯಗಳನ್ನು ಸುರಕ್ಷಿತ ಪಥಗಳಿಗೆ ಕರೆತರುವುದು ಅದರ ಉದ್ದೇಶವಾಗಿತ್ತು. ಅಲ್ಲಿನ ಅತಿ ವೇಗದ ‘ಟಾಪ್ ಫ್ಯುಯೆಲ್’ ವರ್ಗದ ಕಾರುಗಳು ಗಂಟೆಗೆ 530 ಕಿ.ಮೀ. ವೇಗವನ್ನೂ ಮೀರಿವೆ. 2008ರ ಜೂನ್‌ನಲ್ಲಿ ನ್ಯೂಜೆರ್ಸಿಯ ಇಂಗ್ಲಿಷ್‌ಟೌನ್‌ನಲ್ಲಿ ಸ್ಕಾಟ್ ಕಲಿಟ್ಟಾ ಎಂಬ ಚಾಲಕ ಮೃತಪಟ್ಟ ನಂತರ ಅತಿ ವೇಗದ ವರ್ಗಗಳ ಓಟದ ದೂರವನ್ನು 402 ಮೀಟರ್‌ನಿಂದ 1,000 ಅಡಿಗೆ, ಅಂದರೆ ಸುಮಾರು 305 ಮೀಟರ್‌ಗೆ ಇಳಿಸಲಾಯಿತು. ಆ ದುರಂತಕ್ಕೆ ಗಾಲಿಗಳ ಜೋಡಣೆ ಕಾರಣವಾಗಿರಲಿಲ್ಲ. ಎಂಜಿನ್ ಸ್ಫೋಟಗೊಂಡು ಕಾರು ನಿಲ್ಲದೆ ಪಥದ ಕೊನೆಯನ್ನು ದಾಟಿತ್ತು. ಆದರೆ ಓಟದ ದೂರವನ್ನು ಕಡಿತಗೊಳಿಸಿದ್ದು ನಿಲ್ಲಲು ಹೆಚ್ಚು ಜಾಗ ಸಿಗಲೆಂದು. ಗೆರೆ ದಾಟಿದ ಮೇಲೂ ಓಟ ಮುಗಿದಿರುವುದಿಲ್ಲ ಎಂಬ ಪಾಠವನ್ನು ಅದು ಎಲ್ಲರಿಗೂ ನೆನಪಿಸಿತು.

ಗಾಲಿಗಳ ಜೋಡಣೆಗೂ ಈ ಮಾತು ಅನ್ವಯಿಸುತ್ತದೆ. ಗಂಟೆಗೆ 170 ಕಿ.ಮೀ. ವೇಗದಲ್ಲಿ ಗೆರೆ ದಾಟುವ ಕಾರು ಸೆಕೆಂಡಿಗೆ ಸುಮಾರು 47 ಮೀಟರ್ ಕ್ರಮಿಸುತ್ತಿರುತ್ತದೆ. ಬ್ರೇಕ್ ಒತ್ತಿದೊಡನೆ ಭಾರವೆಲ್ಲ ಮುಂದಕ್ಕೆ ಬಂದು, ಅಲ್ಲಿಯವರೆಗೆ ಹಗುರವಾಗಿದ್ದ ಮುಂದಿನ ಗಾಲಿಗಳ ಮೇಲೆ ಬೀಳುತ್ತದೆ. ಮುಂಭಾಗ ಕುಸಿದಾಗ ಟೋ ಬದಲಾಗುವ ಕಾರು, ಚಾಲಕನಿಗೆ ಅತ್ಯಂತ ಹೆಚ್ಚು ನಿಯಂತ್ರಣ ಬೇಕಾದ ಹೊತ್ತಿನಲ್ಲೇ ದಿಕ್ಕು ತಪ್ಪುತ್ತದೆ.

ನಮ್ಮ ರಸ್ತೆ, ನಮ್ಮ ಕಾರು

ಕರ್ನಾಟಕಕ್ಕೆ ಡ್ರ್ಯಾಗ್ ಓಟ ಅಪರಿಚಿತವೇನಲ್ಲ. ಬೆಂಗಳೂರಿನ ಹೇಮಂತ್ ಮುದ್ದಪ್ಪ ಅವರು ಮೋಟಾರ್ ಸೈಕಲ್ ಡ್ರ್ಯಾಗ್ ರೇಸಿಂಗ್‌ನಲ್ಲಿ ಹಲವು ಬಾರಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದು, ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ ಪಥದಲ್ಲಿ ಸ್ಪರ್ಧಿಸಿದ್ದಾರೆ. ಮಹಾರಾಷ್ಟ್ರದ ಆಂಬಿ ವ್ಯಾಲಿಯ ವಿಮಾನ ಓಡುದಾರಿಯಲ್ಲಿಯೂ ಕಾರು ಮತ್ತು ಬೈಕುಗಳ ಡ್ರ್ಯಾಗ್ ಸ್ಪರ್ಧೆಗಳು ನಡೆದಿವೆ. ಆಸಕ್ತರಿಗೆ ಅಧಿಕೃತ ದಾರಿಗಳು ಇವೆ ಎಂಬುದಕ್ಕೆ ಈ ಉದಾಹರಣೆಗಳು ಸಾಕು.

ಹೀಗಿದ್ದರೂ ನೇರವಾದ ಹೆದ್ದಾರಿಯನ್ನು ಕಂಡೊಡನೆ ಪಂದ್ಯ ಕಟ್ಟುವ ಯುವಕರಿಗೆ ಕೊರತೆಯಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ವೇಗದ ಪಂದ್ಯ ನಡೆಸುವುದು ಮೋಟಾರು ವಾಹನ ಕಾಯ್ದೆ, 1988ರ 189ನೇ ಕಲಮಿನ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಬಾರಿಯ ತಪ್ಪಿಗೆ 3 ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಮರುಕಳಿಸಿದರೆ ಶಿಕ್ಷೆ ಇನ್ನೂ ಹೆಚ್ಚು. ಕಾನೂನಿನ ಮಾತು ಹಾಗಿರಲಿ, ನೆಲದ ಮಾತೂ ಇದೆ. ಗದಗ ಭಾಗದ ಎರೆಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾಸಿದ ರಸ್ತೆ ನೋಡಲು ನೇರವಾಗಿದ್ದರೂ ಅಲೆ ಅಲೆಯಾಗಿ ಏಳುಬೀಳುಗಳಿಂದ ಕೂಡಿರುವುದುಂಟು. ಪ್ರತಿ ಏಳುಬೀಳಿನಲ್ಲೂ ಗಾಲಿ ಮೇಲೆ ಕೆಳಗೆ ಆಡುತ್ತದೆ. ಬಂಪ್ ಸ್ಟಿಯರ್ ಇರುವ ಕಾರು ಪ್ರತಿ ಬಾರಿಯೂ ತನ್ನಷ್ಟಕ್ಕೆ ತಾನೇ ತಿರುಗುತ್ತದೆ.

ಡ್ರ್ಯಾಗ್ ಓಟದ ಗೋಜಿಗೇ ಹೋಗದ ಸಾಮಾನ್ಯ ಕಾರು ಮಾಲೀಕರೂ ಇದರಿಂದ ಕಲಿಯುವುದಿದೆ. ಟೈರಿನ ಒಂದೇ ಅಂಚು ಸವೆಯುತ್ತಿದ್ದರೆ, ನೇರ ರಸ್ತೆಯಲ್ಲಿ ಸ್ಟೀರಿಂಗ್ ಓರೆಯಾಗಿ ಹಿಡಿಯಬೇಕಾಗಿದ್ದರೆ, ಬ್ರೇಕ್ ಹಾಕಿದಾಗ ಕಾರು ಒಂದು ಬದಿಗೆ ಎಳೆಯುತ್ತಿದ್ದರೆ ತಕ್ಷಣ ಪರೀಕ್ಷೆ ಮಾಡಿಸುವುದು ಒಳಿತು. ಬ್ರೇಕಿನ ದೋಷದಿಂದಲೂ ಕಾರು ಹೀಗೆ ಎಳೆಯಬಹುದಾದ್ದರಿಂದ ಎರಡನ್ನೂ ನೋಡಿಸಬೇಕು. ಅಲೈನ್‌ಮೆಂಟ್ ಮಾಡಿಸುವ ಮುನ್ನ ಕೀಲುಗಳ ಸಡಿಲವನ್ನು ಪರೀಕ್ಷಿಸಲು ಮೆಕ್ಯಾನಿಕ್‌ಗೆ ಹೇಳುವುದನ್ನು ಮರೆಯಬಾರದು. ಯಂತ್ರ ಕೊಡುವ ಕಾಗದ ಹೇಳುವುದು ನಿಂತ ಕಾರಿನ ಸ್ಥಿತಿಯನ್ನು ಮಾತ್ರ.

ಚಕ್ಕಡಿಯಲ್ಲಿ ದಾರಿ ತಪ್ಪಿದರೆ ಸರಿಪಡಿಸಿಕೊಳ್ಳಲು ಎತ್ತುಗಳಿಗೆ ಕಣ್ಣಿದೆ, ಅವು ಎಡವುವ ಮೊದಲೇ ನಿಂತಾವು. ಕಾರಿಗೆ ಆ ಅರಿವಿಲ್ಲ. ಗಾಲಿಗಳನ್ನು ಎತ್ತ ತಿರುಗಿಸಿಟ್ಟಿರುತ್ತೇವೆಯೋ ಅತ್ತಲೇ ಅದು ಹೋಗುತ್ತದೆ. ಆದ್ದರಿಂದ ವೇಗದ ಆಸೆಯಿರುವವರು ಎಂಜಿನ್ನಿಗೆ ಹಣ ಸುರಿಯುವ ಮೊದಲು ಒಂದು ದಾರ, ಒಂದು ಟೇಪು ಹಿಡಿದು ಮುಂದಿನ ಗಾಲಿಗಳ ಬಳಿ ಕೂರುವುದು ಕ್ಷೇಮ.